ವಿದ್ಯುತ್ತಿನ ಲೆಕ್ಕ ಸಾಲದು, ನೀರಿನ ಲೆಕ್ಕವನ್ನೂ ಕೊಡಿ

ವಿಶಾಖಪಟ್ಟಣದಲ್ಲಿ 1,500 ಕೋಟಿ ಡಾಲರ್ ಹೂಡಿ ಡೇಟಾ ಸೆಂಟರ್ ಕಟ್ಟುವುದಾಗಿ 2025ರ ಅಕ್ಟೋಬರ್‌ನಲ್ಲಿ ಗೂಗಲ್ ಪ್ರಕಟಿಸಿದ್ದೇ ತಡ, ಎರಡು ರಾಜ್ಯಗಳ ಐಟಿ ಸಚಿವರ ನಡುವೆ ಜಾಲತಾಣದಲ್ಲಿ ಜಟಾಪಟಿ ಶುರುವಾಯಿತು. ಆಂಧ್ರ ಸರ್ಕಾರ 22 ಸಾವಿರ ಕೋಟಿ ರೂಪಾಯಿಯಷ್ಟು ರಿಯಾಯಿತಿ ಸುರಿದು ಕಂಪನಿಯನ್ನು ಕರೆತಂದಿದೆ ಎಂದು ನಮ್ಮ ಪ್ರಿಯಾಂಕ್ ಖರ್ಗೆ ಟೀಕಿಸಿದರು. ಜಮೀನಿನಲ್ಲಿ ಕಡಿತ, ನೀರಿನ ದರದಲ್ಲಿ ಕಡಿತ ಎಂದು ಪಟ್ಟಿಯನ್ನೇ ಕೊಟ್ಟರು. ಆಂಧ್ರದ ಊಟದ ಹಾಗೆ ನಮ್ಮ ಹೂಡಿಕೆಯೂ ಖಾರ, ನೆರೆಯವರಿಗೆ ಆಗಲೇ ಉರಿ ಹತ್ತಿದೆ ಎಂಬರ್ಥದಲ್ಲಿ ನಾರಾ ಲೋಕೇಶ್ ಕುಟುಕಿದರು.

ಈ ಮಾತಿನ ಸಮರದಲ್ಲಿ ನೀರು ಪಟ್ಟಿಯ ಒಂದು ಸಾಲಾಗಿ ಬಂದು ಹೋಯಿತು. ಅಂಥ ಕಟ್ಟಡ ದಿನಕ್ಕೆ ಎಷ್ಟು ನೀರು ಕುಡಿಯುತ್ತದೆ, ಅದು ಯಾವ ಮೂಲದ್ದು, ಬೇಸಿಗೆಯಲ್ಲಿ ಆ ಮೂಲ ಬತ್ತಿದರೆ ಗತಿಯೇನು ಎಂಬ ಪ್ರಶ್ನೆಗಳು ಬದಿಗೆ ಸರಿದವು. ಕರ್ನಾಟಕವೇನೂ ದೂರ ನಿಂತು ನೋಡುವ ಸ್ಥಿತಿಯಲ್ಲಿಲ್ಲ. 2022ರಲ್ಲೇ ಡೇಟಾ ಸೆಂಟರ್ ನೀತಿ ತಂದು ನಾವೂ ರಿಯಾಯಿತಿ ಘೋಷಿಸಿ ಕೂತಿದ್ದೇವೆ. ಆದ್ದರಿಂದ ಈ ಮಾತನ್ನು ನಮ್ಮ ಸರ್ಕಾರಕ್ಕೇ ಹೇಳಬೇಕಾಗಿದೆ: ತಿಂಗಳಿಗೆ ಎಷ್ಟು ವಿದ್ಯುತ್, ಎಷ್ಟು ನೀರು, ಎಲ್ಲಿಯ ನೀರು ಎಂಬ ಲೆಕ್ಕವನ್ನು ಜನರ ಮುಂದಿಡಲು ಒಪ್ಪದ ಡೇಟಾ ಸೆಂಟರ್‌ಗೆ ರಿಯಾಯಿತಿ ಹಾಗಿರಲಿ, ಅನುಮತಿಯನ್ನೇ ಕೊಡಬಾರದು.

ಸರ್ವರ್‌ಗೆ ಹರಿಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಒಂದು ಮೆಗಾವಾಟ್ ಸರ್ವರ್ ಓಡಿಸಿದರೆ ಹಗಲಿರುಳೂ ಒಂದು ಮೆಗಾವಾಟ್ ಶಾಖವನ್ನು ಹೊರಗೆ ಹಾಕುತ್ತಲೇ ಇರಬೇಕು. ಈ ಕೆಲಸ ಎಷ್ಟು ಚೊಕ್ಕವಾಗಿ ನಡೆಯುತ್ತಿದೆ ಎಂದು ಅಳೆಯಲು 'ಗ್ರೀನ್ ಗ್ರಿಡ್' ಎಂಬ ಉದ್ಯಮ ಒಕ್ಕೂಟ 2007ರಲ್ಲಿ ಪಿಯುಇ ಎಂಬ ಮಾಪನವನ್ನು ಚಾಲ್ತಿಗೆ ತಂದಿತು. ಇಡೀ ಕಟ್ಟಡ ಬಳಸಿದ ವಿದ್ಯುತ್ತನ್ನು ಕಂಪ್ಯೂಟರ್‌ಗಳು ಬಳಸಿದ ವಿದ್ಯುತ್ತಿನಿಂದ ಭಾಗಿಸಿದರೆ ಬರುವ ಅಂಕಿ ಅದು. 2 ಎಂದರೆ ಕಂಪ್ಯೂಟರ್‌ಗೆ ಒಂದು ಯುನಿಟ್ ಕೊಟ್ಟಾಗ ಎಸಿ, ಯುಪಿಎಸ್, ದೀಪಗಳಿಗೆ ಇನ್ನೊಂದು ಯುನಿಟ್ ಹೋಯಿತು ಎಂದರ್ಥ. 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. ಅಪ್‌ಟೈಮ್ ಇನ್‌ಸ್ಟಿಟ್ಯೂಟ್‌ನ ಸಮೀಕ್ಷೆಗಳಲ್ಲಿ ಜಗತ್ತಿನ ಸರಾಸರಿ 2007ರಲ್ಲಿ 2.5ರಷ್ಟಿತ್ತು, ಕೆಲವು ವರ್ಷಗಳಿಂದ 1.6ರ ಆಸುಪಾಸಿನಲ್ಲಿ ನಿಂತುಬಿಟ್ಟಿದೆ. ಗೂಗಲ್ ತನ್ನ ಸರಾಸರಿ 1.1ರಷ್ಟೇ ಎಂದು ಹೇಳಿಕೊಳ್ಳುತ್ತದೆ.

ಸಾಧನೆ ನಿಜ, ಆದರೆ ಈ ಅಂಕಿ ಅರ್ಧ ಸತ್ಯ. ಬರೀ ಗಾಳಿಯಿಂದ ತಣಿಸುವ ಚಿಲ್ಲರ್ ತೆಗೆದು ಕೂಲಿಂಗ್ ಟವರ್ ಇಟ್ಟರೆ ಪಿಯುಇ ಥಟ್ಟನೆ ಇಳಿಯುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಮಡಕೆ ನೀರನ್ನು ತಣ್ಣಗಿಡುವ ಉಪಾಯವೇ ಅಲ್ಲಿ ನಡೆಯುವುದು: ನೀರು ಆವಿಯಾಗುತ್ತ ಶಾಖವನ್ನು ಹೊತ್ತೊಯ್ಯುತ್ತದೆ. ಉಳಿದ ನೀರಿನಲ್ಲಿ ಸುಣ್ಣ, ಸಿಲಿಕಾ ಗಟ್ಟಿಯಾಗುವುದರಿಂದ ಅದನ್ನೂ ಆಗಾಗ ಚರಂಡಿಗೆ ಬಿಟ್ಟು ಹೊಸ ನೀರು ತುಂಬಬೇಕು. ಕರೆಂಟ್ ಬಿಲ್ ಇಳಿಯುತ್ತದೆ, ವಾರ್ಷಿಕ ವರದಿಯಲ್ಲಿ ಅಂಕಿ ಹೊಳೆಯುತ್ತದೆ, ಬೆಲೆ ತೆರುವುದು ಊರಿನ ಕೊಳವೆಬಾವಿ. ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಆನ್ ಆಗಿರುವ ಸರ್ವರ್ ತಿಂದ ವಿದ್ಯುತ್ತನ್ನೂ ಪಿಯುಇ ಉಪಯೋಗದ ಖಾತೆಗೇ ಬರೆದುಕೊಳ್ಳುತ್ತದೆ. ನೀರನ್ನು ಅಳೆಯಲು ಡಬ್ಲ್ಯುಯುಇ ಎಂಬ ಇನ್ನೊಂದು ಮಾಪನ 2011ರಿಂದಲೇ ಇದೆ. ಜಾಹೀರಾತಿನಲ್ಲಿ ಅದು ಕಾಣಿಸಿಕೊಳ್ಳುವುದು ಅಪರೂಪ.

ಕೈಯಲ್ಲೇ ಲೆಕ್ಕ ಹಾಕಿ ನೋಡೋಣ. ಆವಿಯಿಂದ ತಣಿಸುವ ಕೇಂದ್ರಗಳಿಗೆ ಒಂದು ಯುನಿಟ್‌ಗೆ ಸುಮಾರು 1.8 ಲೀಟರ್ ನೀರು ಎಂಬುದು ಉದ್ಯಮದಲ್ಲಿ ಬಳಕೆಯಲ್ಲಿರುವ ಸರಾಸರಿ. ಒಂದು ಮೆಗಾವಾಟ್ ದಿನವಿಡೀ ಓಡಿದರೆ 24 ಸಾವಿರ ಯುನಿಟ್, ಅಂದರೆ 43,200 ಲೀಟರ್. 30 ಮೆಗಾವಾಟ್‌ನ ಮಧ್ಯಮ ಗಾತ್ರದ ಕೇಂದ್ರ ಪೂರ್ಣ ಹೊರೆಯಲ್ಲಿ ಓಡಿದರೆ ದಿನಕ್ಕೆ ಸುಮಾರು 13 ಲಕ್ಷ ಲೀಟರ್ ಬೇಕು. 6 ಸಾವಿರ ಲೀಟರಿನ ಟ್ಯಾಂಕರ್ 216 ಸಲ ಬಂದು ಹೋಗಬೇಕಾದಷ್ಟು. ತಲೆಗೆ 135 ಲೀಟರಿನ ಸರ್ಕಾರಿ ಲೆಕ್ಕದಲ್ಲಿ 9,600 ಜನರ ಒಂದು ದಿನದ ನೀರು. ಇನ್ನು ವಿದ್ಯುತ್ತಿಗೆ ಬಂದರೆ, ಅದೇ ಕೇಂದ್ರದ ಪಿಯುಇ 1.58 ಇರುವುದಕ್ಕೂ 1.2 ಇರುವುದಕ್ಕೂ ದಿನಕ್ಕೆ 2.7 ಲಕ್ಷ ಯುನಿಟ್ ವ್ಯತ್ಯಾಸ. ಹತ್ತು ಸಾವಿರದಷ್ಟು ರೈತರ 5 ಎಚ್‌ಪಿ ಪಂಪ್‌ಸೆಟ್‌ಗಳನ್ನು ದಿನಕ್ಕೆ ಏಳು ಗಂಟೆ ಓಡಿಸುವಷ್ಟು ವಿದ್ಯುತ್ ಅದು. 2023ರ ಬರದಲ್ಲಿ ಆ ಏಳು ಗಂಟೆ ತ್ರೀಫೇಸ್‌ಗಾಗಿಯೇ ರೈತರು ಬೀದಿಗಿಳಿಯಬೇಕಾಯಿತು.

ಇಲ್ಲಿ ವಿರೋಧಿಗಳ ಕಿವಿಯನ್ನೂ ಹಿಂಡಬೇಕು. ಎಐಗೆ ಒಂದು ಪ್ರಶ್ನೆ ಕೇಳಿದರೆ ಒಂದು ಬಾಟಲಿ ನೀರು ಖರ್ಚು ಎಂಬ ವಾಟ್ಸ್‌ಆ್ಯಪ್ ಸಂದೇಶ ಉತ್ಪ್ರೇಕ್ಷೆ. ತನ್ನ ಜೆಮಿನಿಗೆ ಕೇಳುವ ಸಾಮಾನ್ಯ ಪ್ರಶ್ನೆಯೊಂದಕ್ಕೆ 0.26 ಮಿಲಿಲೀಟರ್ ನೀರು ಸಾಕು ಎಂದು ಗೂಗಲ್ 2025ರಲ್ಲಿ ಲೆಕ್ಕ ಕೊಟ್ಟಿದೆ. ರಾಜ್ಯದ ಒಟ್ಟು ನೀರಿನಲ್ಲಿ ಭತ್ತ, ಕಬ್ಬಿನ ಪಾಲಿನ ಮುಂದೆ ಡೇಟಾ ಸೆಂಟರ್‌ನದು ಏನೇನೂ ಅಲ್ಲ. ಹಾಗೆಂದು ಬಿಟ್ಟುಬಿಡುವ ಹಾಗಿಲ್ಲ. ಈ ಕಟ್ಟಡಗಳು ರಾಜ್ಯದ ಉದ್ದಗಲಕ್ಕೆ ಹರಡಿಕೊಳ್ಳುವುದಿಲ್ಲ. ವೈಟ್‌ಫೀಲ್ಡ್, ದೇವನಹಳ್ಳಿಯಂತಹ ಕಡೆ ಒತ್ತೊತ್ತಾಗಿ ಕೂರುತ್ತವೆ. ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಅಂತರ್ಜಲವನ್ನು ಮಿತಿಮೀರಿ ಎತ್ತಿ ಯಾವ ಕಾಲವಾಯಿತು! ಸಾಲದ್ದಕ್ಕೆ ಇವುಗಳ ಬಾಯಾರಿಕೆ ಏರುವುದೂ ಊರಿಗೆ ನೀರಿಲ್ಲದ ಮಾರ್ಚ್, ಏಪ್ರಿಲ್‌ನಲ್ಲೇ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ, ಕೈತೋಟಕ್ಕೆ ಹಾಯಿಸಿದವರಿಗೆ ಬೆಂಗಳೂರು ಜಲಮಂಡಳಿ ತಲಾ 5 ಸಾವಿರ ರೂಪಾಯಿ ದಂಡ ಹಾಕಿತು. 22 ಮನೆಗಳಿಂದ 1.1 ಲಕ್ಷ ವಸೂಲಾಯಿತು. ಬಕೆಟ್ ನೀರಿನ ಲೆಕ್ಕ ಕೇಳುವ ಸರ್ಕಾರ ಲಕ್ಷ ಲೀಟರ್‌ಗಳ ಲೆಕ್ಕ ಕೇಳಲು ಮುಜುಗರಪಡುವುದೇಕೆ?

ಲೆಕ್ಕ ಬಯಲಿಗೆ ಬಂದ ಕಡೆ ಏನಾಗಿದೆ ನೋಡಿ. ಅಮೆರಿಕದ ಆರೆಗಾನ್ ರಾಜ್ಯದ ಡಾಲ್ಸ್ ಎಂಬ ಸಣ್ಣ ಪಟ್ಟಣದಲ್ಲಿ ಗೂಗಲ್ ಎಷ್ಟು ನೀರು ಬಳಸುತ್ತಿದೆ ಎಂದು 'ಆರೆಗಾನಿಯನ್' ಪತ್ರಿಕೆ ಕೇಳಿತು. ಅದು ವ್ಯಾಪಾರದ ಗುಟ್ಟು ಎಂದ ನಗರಾಡಳಿತ, ಮಾಹಿತಿ ಕೊಡದಿರಲು ಕೋರ್ಟ್ ಮೆಟ್ಟಿಲನ್ನೇ ಹತ್ತಿತು. ವರ್ಷದ ನಂತರ, 2022ರ ಡಿಸೆಂಬರ್‌ನಲ್ಲಿ ರಾಜಿಯಾಗಿ ಅಂಕಿಗಳು ಹೊರಬಿದ್ದವು: 2021ರಲ್ಲಿ ಸುಮಾರು 134 ಕೋಟಿ ಲೀಟರ್, ಇಡೀ ಪಟ್ಟಣದ ಬಳಕೆಯ ಕಾಲು ಭಾಗಕ್ಕಿಂತ ಹೆಚ್ಚು. ಐದು ವರ್ಷದಲ್ಲಿ ಸುಮಾರು ಮೂರು ಪಟ್ಟು ಏರಿಕೆ. ಉರುಗ್ವೆಯ ಕಥೆ ಇನ್ನೂ ಚುರುಕಾಗಿದೆ. 2023ರ ಭೀಕರ ಬರದಲ್ಲಿ ರಾಜಧಾನಿ ಮಾಂಟೆವಿಡಿಯೊದ ನಲ್ಲಿಯಲ್ಲಿ ಉಪ್ಪುನೀರು ಬರುತ್ತಿದ್ದಾಗ, ಗೂಗಲ್‌ನ ಹೊಸ ಕೇಂದ್ರಕ್ಕೆ ದಿನಕ್ಕೆ 76 ಲಕ್ಷ ಲೀಟರ್ ಬೇಕು ಎಂಬ ಸಂಗತಿ ಬಯಲಾಯಿತು. ಜನ ರೊಚ್ಚಿಗೆದ್ದರು. ಕಂಪನಿ ನಕ್ಷೆ ಬದಲಿಸಿ ಗಾಳಿಯಿಂದ ತಣಿಸುವ ವ್ಯವಸ್ಥೆಗೆ ಒಪ್ಪಿತು. ಅಂಕಿ ಜನರ ಕೈಗೆ ಸಿಗುವ ತನಕ ಆಗದ ಕೆಲಸ, ಸಿಕ್ಕಿದ ಮೇಲೆ ಆಯಿತು.

ನಿಯಮ ಬಿಗಿ ಮಾಡಿದರೆ ಹೂಡಿಕೆ ಪಕ್ಕದ ರಾಜ್ಯಕ್ಕೆ ಹೋಗುತ್ತದೆ ಎಂದು ಅಧಿಕಾರಿಗಳು ಹೆದರಿಸುತ್ತಾರೆ. ಸಿಂಗಪುರ ಈ ಹೆದರಿಕೆಗೆ ಸೊಪ್ಪು ಹಾಕಲಿಲ್ಲ. 2019ರಿಂದ ಹೊಸ ಡೇಟಾ ಸೆಂಟರ್‌ಗಳನ್ನೇ ತಡೆದು, 2022ರಲ್ಲಿ ಬಾಗಿಲು ತೆರೆದಾಗ ಪಿಯುಇ 1.3 ಮೀರಕೂಡದು ಎಂದು ಷರತ್ತು ಹಾಕಿತು. ಆದರೂ ಕಂಪನಿಗಳು ಸಾಲುಗಟ್ಟಿ ಬಂದವು. 2026ರ ಜುಲೈನಿಂದ ಶುರುವಾಗುವ ಕೇಂದ್ರಗಳ ಪಿಯುಇ 1.2ರೊಳಗೆ ಇರಬೇಕು, ಶಾಖದ ಒಂದು ಪಾಲನ್ನು ಮರುಬಳಕೆ ಮಾಡಬೇಕು ಎಂದು ಜರ್ಮನಿ 2023ರಲ್ಲೇ ಕಾನೂನು ಮಾಡಿದೆ. 500 ಕಿಲೋವಾಟ್ ಮೀರಿದ ಕೇಂದ್ರಗಳು ವಿದ್ಯುತ್ತಿನ ಜೊತೆ ನೀರಿನ ಲೆಕ್ಕವನ್ನೂ ಒಪ್ಪಿಸಬೇಕೆಂಬುದು ಐರೋಪ್ಯ ಒಕ್ಕೂಟದ ನಿಯಮ. ಅಲ್ಲಿ ತಲೆಬಾಗಿ ಲೆಕ್ಕ ಕೊಡುವ ಕಂಪನಿಗಳೇ ಇಲ್ಲಿಗೆ ಬರುತ್ತಿರುವುದು. ಇನ್ನು ಉದ್ಯೋಗದ ಮಾತು: ಕಟ್ಟುವಾಗ ಸಾವಿರಾರು ಜನ, ಕಟ್ಟಿದ ಮೇಲೆ ಕೆಲವೇ ಡಜನ್ ತಂತ್ರಜ್ಞರು ಮತ್ತು ಗೇಟಿನಲ್ಲಿ ಸೆಕ್ಯುರಿಟಿ. ಒಂದು ಗಾರ್ಮೆಂಟ್ಸ್ ಕಾರ್ಖಾನೆ ಕೊಡುವಷ್ಟು ಕೆಲಸವನ್ನೂ ಇದು ಕೊಡುವುದಿಲ್ಲ.

ನೀರು ಉಳಿಸಹೋದರೆ ವಿದ್ಯುತ್ ಹೆಚ್ಚು ಬೇಕಾಗುತ್ತದೆ ಎಂಬ ಆಕ್ಷೇಪದಲ್ಲಿ ಮಾತ್ರ ತಿರುಳಿದೆ. ಆದರೆ ಕರ್ನಾಟಕದಲ್ಲಿ ಇದಕ್ಕೆ ಉತ್ತರವೂ ಇದೆ. ಗಾಳಿಯಿಂದ ತಣಿಸುವ ಯಂತ್ರ ಹೆಚ್ಚುವರಿ ವಿದ್ಯುತ್ ಕೇಳುವುದು ಉರಿಬಿಸಿಲಿನ ಮಧ್ಯಾಹ್ನ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಭರ್ತಿ ವಿದ್ಯುತ್ ಕೊಡುವುದೂ ಅದೇ ಹೊತ್ತಿಗೆ. ಬೆಂಗಳೂರಿನ ಹವೆಯೂ ನಮ್ಮ ಕಡೆಗಿದೆ. ಹವಾಮಾನ ಇಲಾಖೆಯ ನಗರ ಕೇಂದ್ರದಲ್ಲಿ 2016ರ ಏಪ್ರಿಲ್‌ನ ಆ ಕಡುಬಿಸಿಲಲ್ಲೂ ದಾಖಲಾಗಿದ್ದು 39.2 ಡಿಗ್ರಿ. ಜರ್ಮನಿಯ ಗಾರ್ಶಿಂಗ್‌ನಲ್ಲಿ 2012ರಲ್ಲಿ ಶುರುವಾದ ಸೂಪರ್‌ಮುಕ್ ಎಂಬ ಸೂಪರ್‌ಕಂಪ್ಯೂಟರನ್ನು 40 ಡಿಗ್ರಿಯ ಆಸುಪಾಸಿನ ಬೆಚ್ಚನೆ ನೀರಿನಿಂದಲೇ ತಣಿಸಿದರು. ಚಿಪ್‌ನ ಮೈಗೆ ತಾಗಿಕೊಂಡೇ ನೀರು ಹರಿಯುವುದರಿಂದ ಆ ನೀರು ತೀರಾ ತಣ್ಣಗಿರಬೇಕಿಲ್ಲ. ಇಂದಿನ ಎಐ ರ‍್ಯಾಕ್‌ಗಳು ಹೇಗೂ ಆ ದಾರಿಗೇ ಬಂದಿವೆ. ಮುಚ್ಚಿದ ಕೊಳವೆಯಲ್ಲಿ ಅದೇ ನೀರು ಸುತ್ತುತ್ತಿರುತ್ತದೆ, ಆವಿಯಾಗುವುದಿಲ್ಲ. ತಣಿಸಲು ನೀರು ಆವಿ ಮಾಡದ ವಿನ್ಯಾಸವನ್ನು ಮೈಕ್ರೋಸಾಫ್ಟ್ ಕೂಡ 2024ರಲ್ಲಿ ಪ್ರಕಟಿಸಿದೆ. ವರ್ಷದ ಬಹುಪಾಲು ಮಂದಹವೆ ಇರುವ ಬೆಂಗಳೂರಿಗೆ ಇದಕ್ಕಿಂತ ಒಪ್ಪುವ ತಂತ್ರ ಇನ್ನೊಂದಿಲ್ಲ.

ದೊಡ್ಡ ಕಂಪನಿಗಳ ಮಾತಾಯಿತು. ನಮ್ಮ ಮೂಗಿನ ಕೆಳಗಿನದನ್ನೂ ನೋಡಬೇಕು. ಕಚೇರಿ, ಕಾಲೇಜು, ಆಸ್ಪತ್ರೆಗಳ ಸರ್ವರ್ ರೂಮಿಗೆ ಹೋದರೆ ಎಸಿ 18ಕ್ಕೆ ಇಟ್ಟಿರುತ್ತದೆ, ಏಪ್ರಿಲ್ ತಿಂಗಳಲ್ಲೂ ಆಪರೇಟರ್ ಸ್ವೆಟರ್ ತೊಟ್ಟು ಕೂತಿರುತ್ತಾನೆ. ರ‍್ಯಾಕ್‌ನಲ್ಲಿ ಸರ್ವರ್ ಇಲ್ಲದ ಕಂಡಿಗಳು ಬಾಯಿ ತೆರೆದುಕೊಂಡಿರುತ್ತವೆ. ಹಿಂಭಾಗದ ಬಿಸಿಗಾಳಿ ಅಲ್ಲಿಂದಲೇ ನುಸುಳಿ ಮುಂದೆ ಬಂದು ಮತ್ತೆ ಸರ್ವರ್ ಒಳಗೇ ಹೊಗುತ್ತದೆ. ಕೇಬಲ್‌ಗೆಂದು ನೆಲದ ಹಲಗೆಯಲ್ಲಿ ಕೊರೆದ ತೂತುಗಳಿಂದ ತಣ್ಣನೆ ಗಾಳಿ ಸೋರಿಹೋಗುತ್ತದೆ. ಸರ್ವರ್ ಒಳಹೋಗುವ ಗಾಳಿ 27 ಡಿಗ್ರಿಯವರೆಗೆ ಇದ್ದರೂ ಅಡ್ಡಿಯಿಲ್ಲ ಎಂದು ಅಮೆರಿಕದ ಎಸಿ ಎಂಜಿನಿಯರುಗಳ ಸಂಸ್ಥೆ ಆ್ಯಶ್ರೇ 2008ರಲ್ಲೇ ಹೇಳಿದೆ. ಒಂದೊಂದು ಡಿಗ್ರಿ ಏರಿಸಿದಾಗಲೂ ತಣಿಸುವ ವಿದ್ಯುತ್ತಿನಲ್ಲಿ ಶೇ 2ರಿಂದ 5ರಷ್ಟು ಉಳಿಯುತ್ತದೆ ಎಂಬುದು ಸಿಂಗಪುರದ ಲೆಕ್ಕ. ಕಂಡಿಗೆ ಒಂದು ಮುಚ್ಚಳ, ತೂತಿಗೆ ಒಂದು ಬ್ರಷ್ ಪಟ್ಟಿ, ರಿಮೋಟ್‌ನಲ್ಲಿ ನಾಲ್ಕು ಸಲ ಗುಂಡಿ ಒತ್ತುವ ಧೈರ್ಯ. ಇದಕ್ಕೆ ಯಾವ ಹೂಡಿಕೆದಾರರ ಸಮಾವೇಶವೂ ಬೇಕಿಲ್ಲ.

ಸರ್ಕಾರ ಮಾಡಬೇಕಾದ್ದು ಕಷ್ಟದ್ದೇನಲ್ಲ. ಒಂದು, ಪಿಯುಇ ಮತ್ತು ಡಬ್ಲ್ಯುಯುಇ ಎರಡನ್ನೂ ಪ್ರತಿ ಕೇಂದ್ರ ತಿಂಗಳಿಗೊಮ್ಮೆ, ನೀರಿನ ಮೂಲದ ಸಮೇತ ಪ್ರಕಟಿಸಬೇಕು. ಸರಾಸರಿಯ ಹಿಂದೆ ಏಪ್ರಿಲ್ ತಿಂಗಳನ್ನು ಅಡಗಿಸಲು ಬಿಡಬಾರದು. ಎರಡು, ತಣಿಸುವುದಕ್ಕೆ ಕಾವೇರಿ ನೀರಾಗಲಿ ಕೊಳವೆಬಾವಿಯಾಗಲಿ ಕೂಡದು. ಬೇಕಿದ್ದರೆ ಸಂಸ್ಕರಿತ ನೀರು ಕೊಳ್ಳಲಿ, ಮೂರನೇ ಹಂತದ ಶುದ್ಧೀಕರಣದ ಖರ್ಚನ್ನೂ ತಾವೇ ಭರಿಸಲಿ. ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳಿಗೆ ಗೊತ್ತಾದ ಪಾಲಿಗೆ ಮಾತ್ರ ಯಾರೂ ಕೈ ಹಾಕಬಾರದು. ಮೂರು, ರಿಯಾಯಿತಿಯನ್ನು ಹೂಡಿಕೆಯ ಮೊತ್ತ ನೋಡಿ ಕೊಡುವ ಬದಲು ಈ ಎರಡು ಅಂಕಿಗಳನ್ನು ನೋಡಿ ಕೊಡಬೇಕು. ಮಿತಿ ಮೀರಿದ ವರ್ಷ ವಾಪಸ್ ಪಡೆಯಬೇಕು.

ನಮಗೆ ನಿಜವಾಗಿಯೂ ಕಡಿಮೆ ನೀರು ಸಾಕು ಎನ್ನುವ ಕಂಪನಿಗೆ ಈ ಷರತ್ತುಗಳಿಂದ ಕಳೆದುಕೊಳ್ಳುವುದೇನೂ ಇಲ್ಲ. ಅಂಕಿ ಮುಚ್ಚಿಡಲೇಬೇಕು ಎಂದು ಹಟ ಹಿಡಿಯುವ ಕಂಪನಿ ಎಷ್ಟೇ ಸಾವಿರ ಕೋಟಿ ತಂದರೂ ಅದಕ್ಕೆ ಕರ್ನಾಟಕದಲ್ಲಿ ಒಂದು ಗುಂಟೆ ಜಾಗವನ್ನೂ ಕೊಡಬೇಕಿಲ್ಲ.