ಹಲಗೆಗೂ ಒಂದು ಪೀರಿಯಡ್

ಮಗುವಿಗೆ ಯಾವುದಾದರೂ ವಾದ್ಯ ಕಲಿಸೋಣ ಎಂದು ಹೊಸಪೇಟೆಯ ತಂದೆತಾಯಿ ಯೋಚಿಸಿದಾಗ ಮೊದಲು ನೆನಪಾಗುವುದು ಕೀಬೋರ್ಡ್. ಆಮೇಲೆ ಗಿಟಾರ್. ಮನೆಯಲ್ಲಿ ಭಜನೆಯ ಅಭ್ಯಾಸವಿದ್ದ ಹಿರಿಯರಿದ್ದರೆ ಪೇಟಿ ಅಥವಾ ತಬಲಾ, ದಾಸರ ಪದಗಳ ನಂಟಿದ್ದರೆ ವೀಣೆಯೋ ವಯೊಲಿನ್ನೋ. ಸನಾದಿ ಕಲಿಸುತ್ತೇವೆ, ಹಲಗೆ ಕಲಿಸುತ್ತೇವೆ ಎಂದು ಮಗುವಿನ ಕೈಹಿಡಿದು ಹೊರಟ ಒಬ್ಬ ತಂದೆಯನ್ನೂ ನಾನು ಕಂಡಿಲ್ಲ. ಮದುವೆಗೆ ಸನಾದಿ ಬೇಕು, ಪೀರಲ ಹಬ್ಬಕ್ಕೆ ಹಲಗೆ ಬೇಕು, ತೇರು ಹೊರಡಬೇಕಾದರೆ ಡೊಳ್ಳು, ಸಮ್ಮೇಳ ಬೇಕು. ಆದರೆ ಅವನ್ನು ನುಡಿಸುವವರು ನಮ್ಮ ಮನೆಯ ಮಕ್ಕಳಾಗುವುದು ಬೇಡ. ಮಕ್ಕಳ ಸಂಗೀತ ಕಲಿಕೆಯ ಬಗ್ಗೆ ಬರೆಯಲು ಕೂತಾಗ ಈ ಮಾತನ್ನು ಬದಿಗಿಟ್ಟು ಮುಂದೆ ಹೋಗಲು ನನಗೆ ಆಗುತ್ತಿಲ್ಲ.

1977ರ ‘ಸನಾದಿ ಅಪ್ಪಣ್ಣ’ ಚಿತ್ರವನ್ನು ಈ ಸೀಮೆಯ ಜನ ಕಣ್ಣೊರೆಸಿಕೊಂಡು ನೋಡಿದರು. ತೆರೆಯ ಮೇಲೆ ರಾಜಕುಮಾರ್ ಹಿಡಿದ ಸನಾದಿಗೆ ಉಸಿರು ಕೊಟ್ಟವರು ಬಿಸ್ಮಿಲ್ಲಾ ಖಾನ್. ಅಷ್ಟು ಪ್ರೀತಿಸಿದ ವಾದ್ಯ ಇವತ್ತಿಗೂ ನಮ್ಮಲ್ಲಿ ಹೆಚ್ಚಾಗಿ ಭಜಂತ್ರಿ ಮನೆತನಗಳಲ್ಲೇ ಉಳಿದಿದೆ. ಅಲ್ಲಿನ ಮಗು ಮೊದಲು ಶ್ರುತಿ ಹಿಡಿಯಲು ಕಲಿಯುತ್ತದೆ. ಅಪ್ಪ ಅಥವಾ ದೊಡ್ಡಪ್ಪ ರಾಗ ನುಡಿಸುವಾಗ ಪಕ್ಕದಲ್ಲಿ ಕೂತು ಒಂದೇ ಸ್ವರವನ್ನು ತಡೆಯಿಲ್ಲದೆ ಊದುವುದು ಅದರ ಕೆಲಸ. ಕೇಳುವವರಿಗೆ ಅದೇನು ಮಹಾ ಅನ್ನಿಸಬಹುದು. ಆದರೆ ತಾಸುಗಟ್ಟಲೆ ಒಂದೇ ಸ್ವರ ಹಿಡಿದ ಮಗುವಿನ ಕಿವಿ ಷಡ್ಜದಲ್ಲಿ ಊರಿಕೊಳ್ಳುವ ಹಾಗೆ ಕೀಬೋರ್ಡಿನ ಗುಂಡಿ ಒತ್ತಿದ ಮಗುವಿನ ಕಿವಿ ಊರಿಕೊಳ್ಳುವುದಿಲ್ಲ. ಗುಂಡಿ ಒತ್ತಿದರೆ ಸ್ವರ ಸರಿಯಾಗಿಯೇ ಬರುತ್ತದೆ, ಅದು ಸರಿಯೇ ಎಂದು ಕಿವಿ ಕೇಳಿಕೊಳ್ಳಬೇಕಾಗಿಲ್ಲ. ಇಷ್ಟು ಪಳಗಿದ ಮಗು ಶಾಲೆಗೆ ಬಂದಾಗ ಅದಕ್ಕೆ ಸಂಗೀತ ಬರುತ್ತದೆ ಎಂಬುದು ಯಾವ ದಾಖಲೆಯಲ್ಲೂ ಸೇರುವುದಿಲ್ಲ. ಸಹಪಾಠಿಗಳೆದುರು ಆ ಮಾತು ಬಾರದಿದ್ದರೆ ಸಾಕು ಎಂದು ಮಗುವೂ ಸುಮ್ಮನಿರುತ್ತದೆ.

ಕಲಿಸುವುದು ಹೇಗೆ ಎಂಬುದರ ಬಗ್ಗೆ ಐನೂರು ವರ್ಷಗಳ ಹಿಂದೆ ಇದೇ ನೆಲದಲ್ಲಿ ಗಟ್ಟಿಯಾದ ಯೋಚನೆ ನಡೆದಿತ್ತು. ಸುಮಾರು 1520ರಲ್ಲಿ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅರಮನೆಯ ಹೆಣ್ಣುಮಕ್ಕಳಿಗೆ ಕುಣಿತ ಕಲಿಸುತ್ತಿದ್ದ ಹಜಾರವೊಂದನ್ನು ಕಂಡು ಬರೆದಿಟ್ಟಿದ್ದಾನೆ. ಕುಣಿತ ಮುಗಿದಾಗ ನಿಲ್ಲಬೇಕಾದ ಭಂಗಿಗಳನ್ನು ಅಲ್ಲಿ ಕೆತ್ತಿಸಿದ್ದರು. ಕಲಿಯುವವಳು ಮರೆತರೆ ಕೆತ್ತನೆ ನೋಡಿ ನೆನಪು ಮಾಡಿಕೊಳ್ಳಬೇಕು. ಮೈ ಸಡಿಲಿಸಿಕೊಳ್ಳಲು ಹಿಡಿದು ಜೋತುಬೀಳುವ ಏರ್ಪಾಟೂ ಅಲ್ಲೇ ಇತ್ತು. ಅದೇ ಶತಮಾನದಲ್ಲಿ ತುಂಗಭದ್ರೆಯ ದಂಡೆಯಲ್ಲಿ ಪುರಂದರದಾಸರಿದ್ದರು. ಸರಳೆ, ಜಂಟಿವರಸೆ, ಅಲಂಕಾರ ಎಂಬ ಮೆಟ್ಟಿಲುಗಳನ್ನು ಕಟ್ಟಿ, ಮಕ್ಕಳು ಮಾಯಾಮಾಳವಗೌಳದಿಂದ ಶುರುಮಾಡಲಿ ಎಂದು ಗೊತ್ತುಮಾಡಿದವರು ಅವರೇ ಎಂಬುದು ಪರಂಪರೆಯ ಮಾತು. 1550ರಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ ಬರೆದು ವೀಣೆಯ ಮೆಟ್ಟುಗಳನ್ನು ಎಲ್ಲೆಲ್ಲಿ ಕೂಡಿಸಬೇಕೆಂದು ಲೆಕ್ಕ ಹಾಕಿದ. ಅದರಲ್ಲಿ ಒಂದು ಬಗೆಯ ವೀಣೆಗೆ ಅಚ್ಯುತರಾಯನ ಹೆಸರೇ ಇದೆ. ಇನ್ನು ಮಹಾನವಮಿ ದಿಬ್ಬದ ಕಲ್ಲುಪಟ್ಟಿಗಳನ್ನು ನೋಡಿ: ಆನೆ, ಕುದುರೆ, ಬೇಟೆಗಾರರ ಸಾಲುಗಳ ನಡುವೆ ವಾದ್ಯ ಬಾರಿಸುವವರೂ ಕುಣಿಯುವವರೂ ಇದ್ದಾರೆ. ವೀಣೆಯ ಲೆಕ್ಕ ಹಾಕಿದ ಊರೂ ಅದೇ, ಚರ್ಮವಾದ್ಯ ಬಾರಿಸುವವರನ್ನು ರಾಜನ ದಿಬ್ಬಕ್ಕೆ ಕೆತ್ತಿಸಿದ ಊರೂ ಅದೇ. ಆ ಕಾಲದಲ್ಲಿ ಜಾತಿಯ ಗೋಡೆ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಹಂಪಿಯ ಹೆಸರಿನಲ್ಲಿ ಸಂಗೀತದ ಹೆಮ್ಮೆ ಹೇಳಿಕೊಳ್ಳುವಾಗ ಅರ್ಧವನ್ನಷ್ಟೇ ಎತ್ತಿಕೊಳ್ಳಬಾರದು ಎನ್ನುತ್ತಿದ್ದೇನೆ.

ಹೊಸಪೇಟೆಯಲ್ಲಿ ಇವತ್ತು ಪಾಠ ನಡೆಯುವುದು ಸಂಜೆ, ಹೆಚ್ಚಾಗಿ ಮೇಷ್ಟರ ಮನೆಯ ನಡುಮನೆಯಲ್ಲಿ. ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿ ಇಲ್ಲಿ ಅಕ್ಕಪಕ್ಕದ ಬೀದಿಗಳಲ್ಲೇ ಸಿಗುತ್ತವೆ, ಅದು ಹೊಳೆದಂಡೆಯ ಊರಿನ ಭಾಗ್ಯ. ತಬಲಾ, ಪೇಟಿ ಕಲಿಸುವವರ ಗುರುಮನೆ ಕೇಳುತ್ತ ಹೋದರೆ ಬಹಳ ಸಲ ದಾರಿ ಗದಗಿಗೆ ಹೋಗಿ ನಿಲ್ಲುತ್ತದೆ. ಎರಡೂ ಪದ್ಧತಿಯಲ್ಲಿ ಪಳಗಿದ್ದ ಪಂಚಾಕ್ಷರಿ ಗವಾಯಿಗಳು (1892-1944) ಕಣ್ಣಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಊರೂರು ಸುತ್ತಿ ಪಾಠ ಹೇಳಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದರು. ಊಟ, ವಸತಿ, ಪಾಠ ಯಾವುದಕ್ಕೂ ದುಡ್ಡಿಲ್ಲ, ಮಗುವಿನ ಕುಲವನ್ನೂ ಕೇಳುವುದಿಲ್ಲ. ಸರ್ಕಾರಿ ಶಾಲೆಗಳಿಗೆ ಆಗದ ಕೆಲಸವನ್ನು ಒಂದು ಆಶ್ರಮ ಬರಿಗೈಯಲ್ಲಿ ಮಾಡಿದೆ. ಉತ್ತರ ಕರ್ನಾಟಕದ ಸಾಧಾರಣ ಮನೆಗಳ ಮಕ್ಕಳಿಗೆ ಸ್ವರಜ್ಞಾನ ದಕ್ಕಿದ್ದರಲ್ಲಿ ಅದರ ಪಾಲು ಬಹಳ ದೊಡ್ಡದು.

ತಬಲಾ ಕಲಿಯುವ ಮಗುವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ‘ನಾ’ ಎಂಬ ಒಂದೇ ಅಕ್ಷರಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಉಂಗುರ ಬೆರಳು ಕರಣೆಯ ಅಂಚನ್ನು ಮೆಲ್ಲಗೆ ಮುಟ್ಟಿರಬೇಕು, ತೋರುಬೆರಳು ಅಂಚಿನ ಮೇಲೆ ಬಿದ್ದು ತಕ್ಷಣ ಏಳಬೇಕು. ಬೆರಳು ಒಂದಿಷ್ಟು ಹೆಚ್ಚು ಹೊತ್ತು ಕೂತರೂ ನಾದ ಸತ್ತು ‘ಟಪ್’ ಎನ್ನುತ್ತದೆ. ಮಗು ಮೇಷ್ಟರ ಮುಖ ನೋಡುತ್ತದೆ, ಮೇಷ್ಟರು ಮತ್ತೆ ಎನ್ನುತ್ತಾರೆ. ಹೀಗೆ ಹೋಗುತ್ತ ಒಂದು ಸಂಜೆ ಅದು ಗಂಟೆಯ ಹಾಗೆ ಗಣ್ಣೆನ್ನುತ್ತದೆ. ಮಗು ಬೆಚ್ಚಿ ಕೈ ತೆಗೆದು, ಇನ್ನೊಂದು ಸಲ ಅದೇ ನಾದ ಬರುತ್ತದೋ ಇಲ್ಲವೋ ಎಂದು ತಡವರಿಸುತ್ತ ಮತ್ತೆ ಮುಟ್ಟುತ್ತದೆ. ಆ ಕ್ಷಣ ಬರುವ ಮೊದಲೇ ಎಷ್ಟೋ ಮಕ್ಕಳು ಕ್ಲಾಸು ಬಿಟ್ಟಿರುತ್ತಾರೆ. ಬಿಡುವುದಕ್ಕೆ ಕಾರಣ ಸೋಮಾರಿತನವಲ್ಲ. ಅಷ್ಟು ದಿನ ಒಬ್ಬರೇ ಬಾರಿಸುತ್ತಾರೆ, ಯಾರ ಜೊತೆಗೂ ಬಾರಿಸುವುದಿಲ್ಲ. ಮುಂದಿರುವುದು ಪರೀಕ್ಷೆ ಮಾತ್ರ: ಜೂನಿಯರ್, ಸೀನಿಯರ್, ಇಲ್ಲವೇ ಗಾಂಧರ್ವದ ಪ್ರಾರಂಭಿಕ. ಎಸ್ಸೆಸ್ಸೆಲ್ಸಿ ಬಂತೆಂದರೆ ಟ್ಯೂಷನ್ನಿಗೆ ಜಾಗ ಬೇಕು, ತಬಲಾ ಅಟ್ಟ ಸೇರುತ್ತದೆ.

ಹಳ್ಳಿಯ ಭಜನೆಯಲ್ಲಿ ಕಲಿಕೆ ಹೀಗಿರುವುದಿಲ್ಲ. ಕಂಪ್ಲಿ ಕಡೆಯ ಗುಡಿಗಳಲ್ಲಿ ಶ್ರಾವಣದಲ್ಲಿ ಭಜನೆ ಕೂತಾಗ ಮಗುವಿನ ಕೈಗೆ ಮೊದಲ ದಿನವೇ ತಾಳ ಕೊಡುತ್ತಾರೆ. ಅದಕ್ಕೆ ಏನೂ ಬರುವುದಿಲ್ಲ, ಆದರೂ ಅದು ಭಜನೆಯೊಳಗಿದೆ. ತಪ್ಪಿದರೆ ಪಕ್ಕದವರು ಮೊಣಕೈ ತಾಗಿಸಿ ಸರಿಮಾಡುತ್ತಾರೆ. ಒಂದೆರಡು ವರ್ಷ ತಾಳ ಹಾಕಿದ ಮೇಲೆ ದಮ್ಮಡಿ, ಆಮೇಲೆ ತಬಲಾ, ಪೇಟಿ ಮಾಸ್ತರರು ಎದ್ದು ಚಹಾಕ್ಕೆ ಹೋದಾಗ ಪೇಟಿಯ ಮೇಲೆ ಒಂದು ಕೈ. ವೆನೆಜುವೆಲಾದಲ್ಲಿ 1975ರಲ್ಲಿ ಹೊಸೆ ಆಂಟೋನಿಯೊ ಅಬ್ರೂ ಬಡಮಕ್ಕಳಿಗಾಗಿ ಶುರುಮಾಡಿದ ವಾದ್ಯವೃಂದದ ಶಾಲೆಗಳು ಜಗತ್ತಿನ ಗಮನ ಸೆಳೆದದ್ದು ಇದೇ ಕ್ರಮಕ್ಕೆ. ಅಲ್ಲಿ ಮಗು ಕಲಿತಾದ ಮೇಲೆ ಮೇಳಕ್ಕೆ ಬರುವುದಿಲ್ಲ, ಮೇಳದಲ್ಲಿ ಕೂತೇ ಕಲಿಯುತ್ತದೆ. ನಮ್ಮ ಗುಡಿಕಟ್ಟೆಗಳಿಗೆ ಅದು ಹೊಸತೇನಲ್ಲ. ಶಾಲೆಗಳು ಅದನ್ನು ನೋಡಿ ಕಲಿತಿಲ್ಲ, ಅಷ್ಟೇ.

ಶಾಲೆಗಳ ಸ್ಥಿತಿ ಹೇಳಲು ಬಹಳ ಮಾತು ಬೇಡ. ಬಹುಪಾಲು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸಂಗೀತ ಶಿಕ್ಷಕರೇ ಇಲ್ಲ. ಪಿ.ಟಿ. ಮೇಷ್ಟರು ಆಗಸ್ಟ್ ಹದಿನೈದಕ್ಕೆ ಡ್ರಮ್ ಹೊರಿಸಿ ಹೆಜ್ಜೆ ಹಾಕಿಸುತ್ತಾರೆ, ಪ್ರತಿಭಾ ಕಾರಂಜಿಗೆ ಹದಿನೈದು ದಿನ ಇರುವಾಗ ಹಾಡು ಬರುವ ಮಗುವನ್ನು ಹುಡುಕುತ್ತಾರೆ. ಯಾವುದೋ ಅನುದಾನದಲ್ಲಿ ಬಂದ ಪೇಟಿ ಇದ್ದರೆ ಅದು ಮುಖ್ಯೋಪಾಧ್ಯಾಯರ ಕೋಣೆಯ ಅಲ್ಮೇರಾದಲ್ಲಿರುತ್ತದೆ. ಮಕ್ಕಳು ಕೆಡಿಸಿಬಿಟ್ಟಾರು ಎಂಬ ಭಯ. ಇದೇ ಮಕ್ಕಳನ್ನು ವರ್ಷಕ್ಕೊಮ್ಮೆ ವಿಠ್ಠಲ ದೇವಸ್ಥಾನಕ್ಕೆ ಕರೆದೊಯ್ದು ಸಪ್ತಸ್ವರದ ಕಂಬಗಳನ್ನು ತೋರಿಸುತ್ತೇವೆ. ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿ, ಆ ಕಂಬಗಳೊಳಗೆ ಟೊಳ್ಳಿಲ್ಲ, ಗಟ್ಟಿ ಕಲ್ಲೇ ಬಾಗಿ ಕಂಪಿಸಿ ನಾದ ಹೊಮ್ಮಿಸುತ್ತದೆ ಎಂದು ತಿಳಿಸಿದ್ದಾರೆ. ಬಡಿದು ಬಡಿದು ಹಾಳಾಗುತ್ತವೆಂದು ಈಗ ಅವನ್ನು ಯಾರೂ ಮುಟ್ಟುವಂತಿಲ್ಲ, ಅದು ತಕ್ಕ ನಿಯಮವೇ. ಆ ಕಲ್ಲು ಮತ್ತೆ ಹುಟ್ಟುವುದಿಲ್ಲ. ಪೇಟಿಯ ವಿಷಯ ತದ್ವಿರುದ್ಧ. ಮುಟ್ಟದೆ ಇಟ್ಟ ಪೇಟಿಯ ತಿದಿಯನ್ನು ಜಿರಳೆ ತಿನ್ನುತ್ತದೆ, ಸ್ವರದ ಪಟ್ಟಿಗಳು ದೂಳು ಹಿಡಿಯುತ್ತವೆ.

ಈಗ ಹಲಗೆಯ ಮಾತು. ಮೊಹರಂ ದಿನಗಳಲ್ಲಿ, ಅಲಾಯಿ ಕುಣಿಯ ಹತ್ತಿರ, ಒಂದು ರಾತ್ರಿ ಹತ್ತೋ ಹನ್ನೊಂದೋ ವಯಸ್ಸಿನ ಹುಡುಗನನ್ನು ನೋಡುತ್ತ ನಿಂತಿದ್ದೆ. ಹುಲ್ಲಿನ ಉರಿ ಮಾಡಿ ಹಲಗೆಯನ್ನು ಅದರ ಮೇಲೆ ಸುತ್ತ ತಿರುಗಿಸುತ್ತಿದ್ದ. ಒಂದೇ ಕಡೆ ಹಿಡಿದರೆ ಚರ್ಮ ಸುಡುತ್ತದೆ, ದೂರ ಹಿಡಿದರೆ ಬಿಗಿಯುವುದಿಲ್ಲ. ನಡುನಡುವೆ ಬೆರಳಿನಿಂದ ತಟ್ಟಿ ಕಿವಿಗೆ ಹತ್ತಿರ ತರುತ್ತಿದ್ದ. ದೊಡ್ಡವನೊಬ್ಬ ಅವಸರಪಡಿಸಿದಾಗ “ಇನ್ನಾ ಕಾದಿಲ್ಲ ಮಾಮ, ತಡಿ” ಎಂದ. ಆಮೇಲೆ ಒಂದು ದಪ್ಪ ಕೋಲು, ಒಂದು ಸಣ್ಣ ಕಡ್ಡಿ ಹಿಡಿದು ಮೇಳಕ್ಕೆ ಸೇರಿಕೊಂಡ. ಕುಣಿತದ ಹೆಜ್ಜೆ ಬದಲಾದಂತೆ ಪೆಟ್ಟೂ ಬದಲಾಯಿತು, ಯಾರೂ ಸನ್ನೆ ಮಾಡಲಿಲ್ಲ. ಶ್ರುತಿ, ಲಯ, ಮೇಳದ ಎಚ್ಚರ ಮೂರೂ ಆ ಹುಡುಗನಿಗೆ ಒಲಿದಿದ್ದವು. ಸಂಗೀತ ಪರೀಕ್ಷೆಗಳಲ್ಲಿ ನಾವು ಹುಡುಕುವುದೂ ಇವನ್ನೇ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ಗೌರವದಿಂದ ಕೇಳಬೇಕು. ಹಲಗೆ ಎಷ್ಟೋ ಮನೆಗಳಿಗೆ ಕಲೆಯಾಗಿ ಬಂದದ್ದಲ್ಲ, ಬಿಟ್ಟಿ ಚಾಕರಿಯಾಗಿ ಬಂದದ್ದು. ಸಾವಿಗೆ ಬಾರಿಸು, ಸಾರಲು ಬಾರಿಸು, ಗುಡಿಯ ಹೊರಗೇ ನಿಂತು ಬಾರಿಸು. ಅದನ್ನು ಕೆಳಗಿಟ್ಟು ಮಕ್ಕಳನ್ನು ಓದಿಸಿದ ತಂದೆಗೆ, ಶಾಲೆಯಲ್ಲಿ ಮತ್ತೆ ಅದೇ ಹಲಗೆ ಕೊಡುತ್ತೇವೆ ಎಂದರೆ ಸಿಟ್ಟು ಬರುವುದು ನ್ಯಾಯ. ಅದೇ ವಾದ್ಯ ದಲಿತ ಚಳವಳಿಯ ವೇದಿಕೆಗಳಲ್ಲಿ ಹೋರಾಟದ ಹಾಡಿಗೆ ಜೊತೆಯಾಗಿ ತಲೆಯೆತ್ತಿ ನಿಂತದ್ದೂ ನಿಜ. ಹಾಗಾಗಿ ನನ್ನ ಮಾತು ಇಷ್ಟು: ಶಾಲೆಗೆ ಹಲಗೆ ಬರುವುದಾದರೆ ತರಗತಿಯ ಎಲ್ಲ ಮಕ್ಕಳ ಕೈಗೂ ಬರಬೇಕು. ಲಿಂಗಾಯತರ, ಬ್ರಾಹ್ಮಣರ, ಬೇಡರ, ಕುರುಬರ, ಸಾಬರ ಮನೆಯ ಮಕ್ಕಳು ಹಲಗೆ ಹಿಡಿಯಬೇಕು. ಹಲಗೆ ಹಿಡಿದೇ ಬೆಳೆದ ಹುಡುಗನ ಮುಂದೆ ಅದೇ ದಿನ ಪೇಟಿ, ವಯೊಲಿನ್ ಇಡಬೇಕು. ಅವನೊಬ್ಬನಿಗೇ ಹಲಗೆ ಕೊಟ್ಟು ಗಣ್ಯರನ್ನು ಸ್ವಾಗತಿಸಲು ಗೇಟಿನಲ್ಲಿ ನಿಲ್ಲಿಸುವ ಸಮಾರಂಭಗಳು ನಿಲ್ಲಬೇಕು.

ಹೆಣ್ಣುಮಕ್ಕಳ ಮಾತೂ ಇದಕ್ಕೆ ಸೇರಿದ್ದೇ. ಚರ್ಮವಾದ್ಯ ಗಂಡುಮಕ್ಕಳದು ಎಂದು ತೀರ್ಮಾನಿಸುವವರು ಸಂಡೂರು ತಾಲ್ಲೂಕಿನ ದರೋಜಿಯನ್ನು ನೆನೆಯಬೇಕು. ಅಕ್ಷರ ಕಲಿಯದ ದರೋಜಿ ಈರಮ್ಮ ತಂದೆಯಿಂದ ಬುರ್ರಕಥೆ ಕಲಿತು, ಕಂಪ್ಲಿಯ ಕುಮಾರರಾಮನ ಕಥೆಯನ್ನು ರಾತ್ರಿಗಟ್ಟಲೆ ಹಾಡುತ್ತಿದ್ದರು. ಅವರಿಗೆ ದನಿಗೂಡಿಸಿ ಬುರ್ರ ಬಾರಿಸುತ್ತಿದ್ದವರು ಮನೆಯ ಹೆಣ್ಣುಮಕ್ಕಳೇ. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರ ಕಾವ್ಯಗಳನ್ನು ಬರೆಸಿಟ್ಟು ನಾಡೋಜ ಪದವಿ ಕೊಟ್ಟಿತು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಕಾಳವ್ವ ಜೋಗತಿಯವರಿಂದ ಕಲಿತ ಕಲೆಯಿಂದಲೇ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಪದ್ಮಶ್ರೀ ಪಡೆದರು. ವಿಶ್ವವಿದ್ಯಾಲಯ ನಾಡೋಜ ಎಂದು ಕರೆದವರನ್ನು ಊರಿನ ಪ್ರಾಥಮಿಕ ಶಾಲೆ ಸಂಗೀತದ ಟೀಚರ್ ಎಂದು ಕರೆಯುವಂತಿರಲಿಲ್ಲ, ಅವರ ಹತ್ತಿರ ಅಂಕಪಟ್ಟಿ ಇರಲಿಲ್ಲ. 2014ರಲ್ಲಿ ಈರಮ್ಮ ತೀರಿಕೊಂಡರು. ಅವರ ಹಾಡು ಪುಸ್ತಕಕ್ಕೆ ಬಂದಿದೆ, ಬುರ್ರದ ಪೆಟ್ಟು ಹಾಗೆ ಪುಸ್ತಕಕ್ಕೆ ಬರುವುದಿಲ್ಲ.

ಸ್ಥಳೀಯ ಕಲಾವಿದರನ್ನು ಶಾಲೆಗೆ ಕರೆತರುವ ಮಾತು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿತ್ತು. ಕರ್ನಾಟಕ ಅದನ್ನು ಬದಿಗಿಟ್ಟು ತನ್ನದೇ ನೀತಿಗೆ ಹೊರಟಿದೆ. ನೀತಿ ಯಾರದೇ ಆಗಲಿ, ಈ ಒಂದು ಮಾತು ಉಳಿಯಬೇಕು, ಮತ್ತು ಅದರ ಹಿಂದೆ ಸಂಬಳದ ಸಾಲು ಇರಬೇಕು. ಅತಿಥಿ ಶಿಕ್ಷಕರಿಗೆ ಗೌರವಧನ ಕೊಡುವ ಇಲಾಖೆಗೆ ಅತಿಥಿ ಸನಾದಿ ಮಾಸ್ತರರಿಗೆ ಕೊಡುವುದು ಆಗದ ಕೆಲಸವಲ್ಲ. ಸಂಡೂರಿನ ಸುತ್ತ ಗಣಿಗಳಿವೆ, ಗಣಿಯಿಂದ ನೊಂದ ಊರುಗಳಿಗೆಂದು ಎತ್ತಿಟ್ಟ ಜಿಲ್ಲಾ ಖನಿಜ ನಿಧಿ ಇದೆ, ಅದರ ಉದ್ದೇಶಗಳಲ್ಲಿ ಶಿಕ್ಷಣವೂ ಸೇರಿದೆ. ಒಂದು ತಾಂಡಾದ ಶಾಲೆಗೆ ನಗಾರಿ, ತಬಲಾ, ಪೇಟಿ ಕೊಡಿಸಿ ವಾರಕ್ಕೆರಡು ಪೀರಿಯಡ್‌ಗೆ ಕಲಾವಿದರೊಬ್ಬರನ್ನು ಕೂಡಿಸಲು ಬೇಕಾಗುವ ಹಣ ಅಂಥ ನಿಧಿಯಲ್ಲಿ ಕಣ್ಣಿಗೂ ಕಾಣದಷ್ಟು ಸಣ್ಣದು.

ಇದಕ್ಕೆ ಕಾಯದೆ ಮುಖ್ಯೋಪಾಧ್ಯಾಯರೊಬ್ಬರು ಈ ಜೂನ್‌ನಲ್ಲೇ ಮಾಡಬಹುದಾದ ಕೆಲಸವೂ ಉಂಟು. ಅಲ್ಮೇರಾದ ಬೀಗದ ಕೈಯನ್ನು ಏಳನೇ ತರಗತಿಯ ಇಬ್ಬರು ಮಕ್ಕಳಿಗೆ ವಹಿಸಬಹುದು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಊರಿನ ಭಜನಾ ಮಂಡಳಿಯವರನ್ನೂ ಭಜಂತ್ರಿ ಮನೆಯವರನ್ನೂ ಕರೆದು, ಮೇಷ್ಟರಿಗೆ ಕೊಡುವ ಕುರ್ಚಿ ಕೊಟ್ಟು, ಮಕ್ಕಳ ಜೊತೆ ಒಂದು ತಾಸು ಕೂರಿಸಬಹುದು. ತಬಲಾದ ಚರ್ಮ ಹರಿಯುತ್ತದೆ, ಪೇಟಿಯ ಒಂದೆರಡು ಸ್ವರ ಕೈಕೊಡುತ್ತವೆ, ಸೀಮೆಸುಣ್ಣದ ಖರ್ಚಿನ ಪಕ್ಕದಲ್ಲೇ ಎಸ್‌ಡಿಎಂಸಿ ಸಭೆಯಲ್ಲಿ ಅದರ ರಿಪೇರಿಯ ಖರ್ಚನ್ನೂ ಬರೆಸಿದರಾಯಿತು.