ಗೆರಿಲ್ಲರನ್ನು ಹುಟ್ಟಿಸಿದವರು ಯಾರು?

ಇರಾಕ ದೇಶದಲ್ಲಿ ವರುಷಗಟ್ಟಲೆ ನಡೆದ ಗೆರಿಲ್ಲಾ ಯುದ್ಧವು ಪದಚ್ಯುತನಾದ ಸದ್ದಾಮನ ಅಳಿದುಳಿದ ಬಂಟರ ಪುಂಡಾಟಿಕೆಯಾಗಿತ್ತೆಂದು ಹೇಳುವವರು ಇಂದಿಗೂ ಇದ್ದಾರೆ. ಅಮೇರಿಕೆಯ ರಕ್ಷಣಾಮಂತ್ರಿಗಳಾಗಿದ್ದ ರಮ್ಸ್‌ಫೆಲ್ಡರು ೨೦೦೩ನೆಯ ಇಸವಿಯ ಜೂನದಲ್ಲಿ ಇದೇ ಮಾತನ್ನಾಡಿ, ಗೆರಿಲ್ಲಾ ಯುದ್ಧವೆಂಬ ಹೆಸರನ್ನೇ ಒಪ್ಪಲೊಲ್ಲದೆ ಹೋದರು. ಜುಲೈ ೧೬ರಂದು ಅವರದೇ ಸೇನಾಪತಿ ಅಬಿಜೈದರು ಆ ಹೆಸರನ್ನು ಬಹಿರಂಗವಾಗಿ ಉಚ್ಚರಿಸಬೇಕಾಯಿತು. ಆದರೆ ಅಪವಾದವು ಮಾತ್ರ ಸದ್ದಾಮನ ಬಂಟರ ತಲೆಯ ಮೇಲೆಯೇ ಉಳಿಯಿತು. ಬಾಗದಾದಿನ ಅರಮನೆಯಲ್ಲಿ ಕುಳಿತು ಹುಕುಮು ಬರೆದವರ ಪಾಲು ಅದರಲ್ಲಿ ಎಷ್ಟೆಂಬುದನ್ನು ನಾವು ಕೇಳುತ್ತೇವೆ.

ಪರರಾಜ್ಯವನ್ನು ದಂಡಿನಿಂದ ಹಿಡಿದವನು ಅಲ್ಲಿ ಶಾಂತಿ ಸುವ್ಯವಸ್ಥೆಗಳನ್ನು ಕಾಯಬೇಕು, ತೀರ ಅನಿವಾರ್ಯವಲ್ಲದೆ ಆ ನಾಡಿನ ಕಾಯಿದೆಗಳನ್ನು ಮುಟ್ಟಕೂಡದು, ಎಂದು ೧೯೦೭ರ ಹೇಗ್ ನಿಯಮಾವಳಿಯ ೪೩ನೆಯ ಕಲಮು ಹೇಳುತ್ತದೆ. ಏಪ್ರಿಲ್ ೯ರಂದು ಬಾಗದಾದು ಬಿದ್ದಿತು. ಮರುದಿನವೇ ರಾಷ್ಟ್ರೀಯ ವಸ್ತುಸಂಗ್ರಹಾಲಯವು ಸುಲಿಗೆಗೆ ಈಡಾಯಿತು. ಎಣ್ಣೆಯ ಖಾತೆಯ ಕಚೇರಿಗೆ ಮಾತ್ರ ಕಾವಲು ಭದ್ರವಾಗಿತ್ತು! ಮದ್ದುಗುಂಡಿನ ಉಗ್ರಾಣಗಳೆಷ್ಟೋ ಕಾವಲಿಲ್ಲದೆ ಬಿದ್ದಿದ್ದವು. ಮುಂದೆ ಹಾದಿಬದಿಯಲ್ಲಿ ಸಿಡಿದ ಬಾಂಬುಗಳಿಗೆ ಸಾಮಗ್ರಿ ದೊರೆತದ್ದು ಅಲ್ಲಿಂದಲೇ.

ಇಷ್ಟಕ್ಕೆ ನಿಂತಿದ್ದರೆ ಉದಾಸೀನವೆನ್ನಬಹುದಾಗಿತ್ತು. ಮೇ ೧೬ರಂದು ಆಡಳಿತಾಧಿಕಾರಿ ಪಾಲ್ ಬ್ರೆಮರರು ಮೊದಲನೆಯ ಹುಕುಮು ಹೊರಡಿಸಿ, ಬಾಥ್ ಪಕ್ಷದ ಮೇಲಿನ ನಾಲ್ಕು ದರ್ಜೆಯವರನ್ನೆಲ್ಲ ಸರಕಾರಿ ನೌಕರಿಯಿಂದ ಹೊರಹಾಕಿದರು. ಅವರಲ್ಲಿ ಸಾವಿರಾರು ಶಾಲಾಮಾಸ್ತರರಿದ್ದರು. ಸದ್ದಾಮನ ಆಳಿಕೆಯಲ್ಲಿ ಪಕ್ಷದ ಪಟ್ಟಿಯಲ್ಲಿ ಹೆಸರಿಲ್ಲದ ಮಾಸ್ತರನಿಗೆ ಬಡತಿ ಎಲ್ಲಿಯದು? ವಾರ ಕಳೆದು ಮೇ ೨೩ರಂದು ಎರಡನೆಯ ಹುಕುಮಿನಿಂದ ಇಡಿಯ ಸೈನ್ಯವನ್ನೇ ವಿಸರ್ಜಿಸಿದರು. ಸುಮಾರು ೪ ಲಕ್ಷ ಜನರ ಸಂಬಳ ಒಂದೇ ಸಹಿಯಿಂದ ನಿಂತುಹೋಯಿತು. ಬಂದೂಕಿನ ವಿದ್ಯೆ ಬಲ್ಲವರು, ಮನೆಯಲ್ಲಿ ಹಸಿದ ಮಕ್ಕಳುಳ್ಳವರು! ಜೂನ್ ೧೮ರಂದು ಅವರು ಬಾಕಿ ಸಂಬಳ ಕೇಳಲು ಅದೇ ಅರಮನೆಯ ಬಾಗಿಲಿಗೆ ಹೋದಾಗ ಇಬ್ಬರು ಗುಂಡಿಗೆ ಬಲಿಯಾದರು. ಆಮೇಲೆ, ಜೂನ ತಿಂಗಳ ಕೊನೆಗೆ, ಭತ್ಯೆ ಕೊಡುವೆವೆಂದು ಸಾರಿದರು. ಊಟ ಮುಗಿದ ಮೇಲೆ ಉಪ್ಪು ಬಡಿಸಿದಂತಾಯಿತು.

ಫಲೂಜಾ ಪಟ್ಟಣದ ವೃತ್ತಾಂತವನ್ನು ಶಿಕ್ಷಕರಾದ ವಾಚಕರು ವಿಶೇಷವಾಗಿ ಅರಿಯಬೇಕು. ಅಲ್ಲಿ ಅಮೇರಿಕೆಯ ಸೈನಿಕರು ಒಂದು ಶಾಲೆಯಲ್ಲಿಯೇ ಬೀಡುಬಿಟ್ಟಿದ್ದರು. ಏಪ್ರಿಲ್ ೨೮ರ ಸಂಜೆ ಜನರು ಗುಂಪುಗೂಡಿ, ಶಾಲೆಯನ್ನು ತೆರವು ಮಾಡಿರೆಂದು ಕೂಗಿದರು. ಗುಂಡು ಹಾರಿತು. ಅಲ್ಲಿಯ ಆಸ್ಪತ್ರೆಯ ಲೆಕ್ಕದಂತೆ ೧೭ ಜನ ಸತ್ತರು, ೭೦ಕ್ಕೂ ಹೆಚ್ಚು ಜನ ಗಾಯಗೊಂಡರು. ಗುಂಪಿನಿಂದಲೇ ಮೊದಲು ಗುಂಡು ಬಂದಿತೆಂಬುದು ಸೈನಿಕರ ವಾದ. ಅವರಲ್ಲಿ ಒಬ್ಬನಿಗೂ ಗುಂಡು ತಗುಲಿರಲಿಲ್ಲ. ಮರುವರುಷ ಅದೇ ಊರಿಗಾಗಿ, ಏಪ್ರಿಲದಲ್ಲಿ ಒಮ್ಮೆ, ನವಂಬರದಲ್ಲಿ ಇನ್ನೊಮ್ಮೆ, ಘೋರ ಕಾಳಗಗಳಾದವು.

ಇದನ್ನೆಲ್ಲ ಯಾರು ಮುಂಗಂಡಾರು ಎನ್ನುವ ಸಮರ್ಥನೆಯೂ ಉಂಟು. ೧೯೧೭ರಲ್ಲಿ ಇಂಗ್ಲಿಷರೂ ವಿಮೋಚಕರೆಂದು ಸಾರಿಕೊಂಡೇ ಬಾಗದಾದನ್ನು ಹೊಕ್ಕಿದ್ದರು. ೧೯೨೦ರಲ್ಲಿ ನಾಡೇ ದಂಗೆಯೆದ್ದಿತು. ಅದನ್ನಡಗಿಸಲು ಹಿಂದುಸ್ಥಾನದ ಪಲಟಣಗಳನ್ನು ಅಟ್ಟಿದರೆಂಬುದನ್ನು ನಾವಾದರೂ ಮರೆಯಬಾರದು. ೨೦೦೩ರ ಜುಲೈಯಲ್ಲಿ ದಿಲ್ಲಿಯ ಸರಕಾರವು ಇರಾಕಿಗೆ ದಂಡು ಕಳಿಸಲು ಒಪ್ಪದಿದ್ದುದು ನಮ್ಮ ಪುಣ್ಯ.

ನಾವು ಗೆರಿಲ್ಲರ ಭಟ್ಟಂಗಿಗಳಲ್ಲ. ಆಗಸ್ಟ್ ೧೯ರಂದು ಬಾಗದಾದಿನ ವಿಶ್ವಸಂಸ್ಥೆಯ ಕಚೇರಿಯನ್ನು ಸಿಡಿಸಿ ೨೨ ಜನರನ್ನು ಕೊಂದದ್ದು ಹೇಡಿಗಳ ಕೃತ್ಯ. ಸದ್ದಾಮನು ಪ್ರಜಾಪೀಡಕನೆಂಬುದರಲ್ಲಿಯೂ ಸಂದೇಹವಿಲ್ಲ. ಆದರೆ ಯಾವ ಸಾಮೂಹಿಕ ವಿನಾಶದ ಅಸ್ತ್ರಗಳ ನೆವದಿಂದ ದಂಡೆತ್ತಿ ಹೋದರೋ, ಅವು ಸಿಕ್ಕಲೇ ಇಲ್ಲ. ೨೦೧೧ರ ಡಿಸೆಂಬರದಲ್ಲಿ ಆ ಸೈನ್ಯವು ತೆರಳುವಷ್ಟರಲ್ಲಿ ಅಮೇರಿಕೆಯ ಸುಮಾರು ೪,೫೦೦ ಸೈನಿಕರೂ ಇರಾಕದ ಲಕ್ಷಾಂತರ ಜನರೂ ಮಡಿದಿದ್ದರು. ೨೦೧೪ರಲ್ಲಿ ಮೋಸುಲ್ ಪಟ್ಟಣವನ್ನು ನುಂಗಿದ ಐಸಿಸ್ ಪಡೆಯ ನಾಯಕರಲ್ಲಿ, ವಿಸರ್ಜಿತವಾದ ಅದೇ ಸೈನ್ಯದ ಅಧಿಕಾರಿಗಳು ಹಲವರಿದ್ದರು. ಆ ಹುಕುಮಿಗೆ ಸಹಿ ಹಾಕಿದ ಬ್ರೆಮರರಿಗೋ, ೨೦೦೪ರ ಡಿಸೆಂಬರದಲ್ಲಿಯೇ ಅಧ್ಯಕ್ಷ ಬುಶ್‌ರು ಸ್ವಾತಂತ್ರ್ಯಪದಕವನ್ನು ಕೊರಳಿಗೆ ಹಾಕಿದ್ದರು.