ಉತ್ತರ ಬಂತು, ಹೆಂಗ ಬಂತು?

ಪತ್ರಿಕೆಯವರು ಪದಬಂಧದ ಉತ್ತರ ಕೊಡುತ್ತಾರೆ, ಅದರ ಕಾರಣ ಕೊಡುವುದಿಲ್ಲ. ನನ್ನ ತಕರಾರು ಇಷ್ಟೇ. ರಾಶಿ ಭವಿಷ್ಯದ ಪಕ್ಕ ಒಂದು ಮೂಲೆಯಲ್ಲಿ ಕೂತಿರುವ ಚೌಕಳಿಗೆ ಇಷ್ಟು ಸಿಟ್ಟು ಯಾಕ್ರೀ ಅಂತ ಕೇಳಬಹುದು. ರಾಶಿ ಭವಿಷ್ಯ ಹೇಳುವವರಿಗೂ ಕಾರಣ ಕೊಡುವ ಹಂಗಿಲ್ಲ, ನಿಜ. ಆದರೆ ಪದಬಂಧ ಭವಿಷ್ಯವಲ್ಲ, ಪ್ರಶ್ನೆ. ಪ್ರಶ್ನೆ ಕೇಳಿದವನು ಉತ್ತರ ಹೇಳಿದ ಮೇಲೆ ಅದು ಹೇಗೆ ಸರಿ ಅಂತಲೂ ತೋರಿಸಬೇಕು.

ಒಂದು ಸುಳಿವು ನೋಡೋಣ: 'ಆನೆ (2)'. ನಾನು ಬಿಡಿಸಿದ ಪದಬಂಧಗಳಲ್ಲಿ ಇಂಥವೇ ಹೆಚ್ಚು. ಕರಿ ಇರಬಹುದು. ಗಜ ಇರಬಹುದು. ದಂತಿ, ಹಸ್ತಿ, ಇಭ ಎಲ್ಲವೂ ಎರಡೇ ಅಕ್ಷರ, ಎಲ್ಲವೂ ಆನೆಯೇ. ಮೇಲಿನಿಂದ ಕೆಳಕ್ಕೆ ಬರುವ ಪದ ಸಿಗುವ ತನಕ ಯಾವ ಆನೆ ಅಂತ ಆ ದೇವರಿಗೂ ತಿಳಿಯದು. 'ಇಭ' ಎಂಬ ಮಾತು ಕೇಳಿದ್ದವರು ಬರೆಯುತ್ತಾರೆ, ಕೇಳದವರು ಪೆನ್ನು ಕೆಳಗಿಡುತ್ತಾರೆ. ಇದರಲ್ಲಿ ಯೋಚನೆ ಮಾಡುವುದಕ್ಕೆ ಏನಿದೆ? ಮನೆಯಲ್ಲಿ ನಿಘಂಟು ಇದ್ದವರು ಗೆಲ್ಲುವ ಆಟ ಇದು.

ಈಗ ಇನ್ನೊಂದು ನಮೂನೆ ನೋಡಿ. ಸುಳಿವು ನಾನೇ ಕಟ್ಟಿದ್ದು: 'ರಾಶಿ ಮಾಡುವ ಜಾಗಕ್ಕೆ ಜನರ ಮುಂದಾಳು ಬಂದರೆ ಕಾಳು ಕೂಡಿಡಲು ನೆಲೆ (3)'. ಓದಿದರೆ ಯಾವನೋ ಪುಢಾರಿ ಹೊಲಕ್ಕೆ ಬಂದಂತಿದೆ. ಅದು ಮುಸುಕು. ಒಳಗಿನ ಲೆಕ್ಕ ಬೇರೆ. ರಾಶಿ ಮಾಡುವ ಜಾಗ ಕಣ. 'ಜನ' ಎಂಬ ಮಾತಿನ ಮುಂದಾಳು, ಅಂದರೆ ಮೊದಲ ಅಕ್ಷರ, ಜ. ಎರಡೂ ಕೂಡಿದರೆ ಕಣಜ. ಕಾಳು ಕೂಡಿಡಲು ನೆಲೆ ಅಂದರೂ ಕಣಜವೇ. ಸುಳಿವಿನ ಒಂದು ತುದಿಯಲ್ಲಿ ನೇರ ಅರ್ಥ, ಇನ್ನೊಂದು ತುದಿಯಲ್ಲಿ ಅಕ್ಷರದ ಕಟ್ಟೋಣ. ಎರಡೂ ಒಂದೇ ಪದಕ್ಕೆ ಬಂದು ಮುಟ್ಟಬೇಕು. ಇಂಗ್ಲಿಷಿನವರು ಕ್ರಿಪ್ಟಿಕ್ ಅನ್ನುವುದು ಇದಕ್ಕೇ. ನಾನು ಗೂಢ ಸುಳಿವು ಅನ್ನುತ್ತೇನೆ.

ಈ ಸುಳಿವಿಗೆ ಎರಡು ಬಾಗಿಲು. ನಮ್ಮ ತಳಕಲ್ಲಿನಂಥ ಊರಿನ ಹುಡುಗನಿಗೆ ಕಣಜ ಎಂಬ ಪದ ಗೊತ್ತಿಲ್ಲದೇ ಇರಬಹುದು, ಈಗ ಎಲ್ಲ ಚೀಲ, ಗೋದಾಮು. ಆದರೆ ಕಣ ಗೊತ್ತು. ಕಣದಿಂದ ಹೊರಟು, ಜ ಸೇರಿಸಿ, ಗೊತ್ತಿರದ ಪದವೊಂದನ್ನು ತಾನೇ ಹುಡುಕಿಕೊಳ್ಳುತ್ತಾನೆ. 'ಆನೆ (2)' ಅವನಿಗೆ ಈ ಅವಕಾಶ ಕೊಡಲಿಲ್ಲ. ಗೂಢ ಸುಳಿವು ಪಂಡಿತರ ಚಟ, ನೇರ ಸುಳಿವು ಜನಸಾಮಾನ್ಯರದ್ದು ಅಂತ ವಾದ ಮಾಡುವವರು ಇದನ್ನು ಸ್ವಲ್ಪ ತಿರುವಿ ನೋಡಲಿ. ಗೊತ್ತಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಅನ್ನುವ ಪ್ರಶ್ನೆಯೇ ಪಂಡಿತರದ್ದು.

ಒಂದು ಕರಾರು ಮಾತ್ರ ಇದೆ. ಆಟದ ದಾರಿಯನ್ನು ಯಾರಾದರೂ ಒಮ್ಮೆ ಬಿಡಿಸಿ ತೋರಿಸಬೇಕು. ಮರುದಿನ 'ಕಣಜ' ಅಂತ ಮೂರಕ್ಷರ ಮಾತ್ರ ಅಚ್ಚಾದರೆ ಆ ಹುಡುಗ ಏನು ಕಲಿತ? ಪುಢಾರಿ ಎಲ್ಲಿ ಹೋದ ಅಂತ ತಲೆ ಕೆರೆದುಕೊಂಡು ಪುಟ ತಿರುವುತ್ತಾನೆ. ಎರಡು ಸಾಲಿನ ವಿವರಣೆ ಇದ್ದರೆ ನಾಳಿನ ಸುಳಿವಿನಲ್ಲಿ 'ಮುಂದಾಳು', 'ತಲೆ', 'ಮೊದಲಿಗ' ಎಂಬ ಮಾತು ಕಂಡ ಕೂಡಲೇ ಮೊದಲ ಅಕ್ಷರಕ್ಕೆ ಕೈ ಹಾಕುತ್ತಾನೆ. ಬರೀ ಉತ್ತರ ಕೊಟ್ಟರೆ ಒಂದು ಪದಬಂಧ ಮುಗಿಯುತ್ತದೆ, ಅಷ್ಟೇ. ವಿವರಣೆ ಕೊಟ್ಟರೆ ಬಿಡಿಸುವವರ ಸಂಖ್ಯೆ ಹೆಚ್ಚುತ್ತದೆ.

ಇನ್ನು ಆಕ್ಷೇಪಣೆಗಳಿಗೆ ಬರೋಣ.

ಮೊದಲನೆಯದು: 'ಕನ್ನಡದಾಗ ಇದು ಆಗಂಗಿಲ್ಲ ಬಿಡ್ರೀ. ಇಂಗ್ಲಿಷಿಗೆ 26 ಅಕ್ಷರ, ಹೆಂಗ ಬೇಕಾದರ ಹಂಗ ಕಲಸಬಹುದು. ನಮಗ ಕಾಗುಣಿತ, ಒತ್ತಕ್ಷರ.' ಆಗುವುದಿಲ್ಲವೇ? ನದಿಯನ್ನು ತಿರುಗಿಸಿ ಓದಿ, ದಿನ ಆಗುತ್ತದೆ. 'ಹೊಳೆ ಹಿಂದಕ್ಕೆ ಹರಿದರೆ ಇಪ್ಪತ್ನಾಲ್ಕು ತಾಸು (2)'. ಸದಾ ತಿರುಗಿದರೆ ದಾಸ: 'ಯಾವಾಗಲೂ ಉಲ್ಟಾ ನಡೆಯುವ ಹರಿಭಕ್ತ (2)'. ಎರಡು ಪದಗಳ ನಡುವೆ ಮೂರನೆಯದನ್ನು ಬಚ್ಚಿಡಬಹುದು: 'ಗಂಗಾವತಿ ಲಗೇಜಿನೊಳಗೆ ಎಳ್ಳು (2)'. ಗಂಗಾವತಿಯ ಕೊನೆಯ ತಿ, ಲಗೇಜಿನ ಮೊದಲ ಲ ಸೇರಿ ತಿಲ. ಜೋಡಿಸುವುದೂ ಆಗುತ್ತದೆ: 'ಕಮ್ಮಾರನ ಸಾಧನ ಮನೆಗೆ ಬಂದರೆ ದೊರೆಯ ವಾಸ (4)'. ಅರ ಮತ್ತು ಮನೆ, ಅರಮನೆ. ಕಮ್ಮಾರಿಕೆ ಮಾಡುವ ಮನೆಯ ಹುಡುಗಿ ಇದನ್ನು ಯಾವ ಎಂ.ಎ. ಪದವೀಧರನಿಗಿಂತಲೂ ಬೇಗ ಬಿಡಿಸುತ್ತಾಳೆ. ಇನ್ನು ಕನ್ನಡದಲ್ಲಿ ಒಂದೇ ಮಾತಿಗೆ ಇರುವ ಎರಡೆರಡು ಅರ್ಥ! ಏಳು ಅಂದರೆ ಅಂಕಿ, ಏಳು ಅಂದರೆ ಎದ್ದೇಳು. ಆರು ಅಂಕಿ, ಆರು ತಣ್ಣಗಾಗು. ಹತ್ತು ಅಂಕಿ, ಹತ್ತು ಮರ ಏರು. ಒಂದರಿಂದ ಹತ್ತು ಎಣಿಸುವುದರೊಳಗೆ ಮೂರು ಸುಳಿವು ಸಿಕ್ಕವು.

ಕಷ್ಟ ಇಲ್ಲವೆಂದಲ್ಲ. ಒತ್ತಕ್ಷರವಿದ್ದ ಪದವನ್ನು ತಿರುಗಿಸುವುದು ಸುಲಭವಲ್ಲ. ಇಂಗ್ಲಿಷಿನಂತೆ ಒಂಬತ್ತು ಅಕ್ಷರಗಳನ್ನು ಕಲಸಿ ಹೊಸ ಪದ ಮಾಡುವುದು ನಮ್ಮಲ್ಲಿ ಅಪರೂಪ. ನಮ್ಮೂರ ಹೆಸರನ್ನು ಚೌಕದಲ್ಲಿ ಬರೆಯುವಾಗ ಕೊನೆಯ 'ಲ್' ಒಂದೇ ಒಂದು ಮನೆ ಹಿಡಿಯುತ್ತದೆ, ಅದರ ಮೇಲಿನಿಂದ ಇಳಿಯುವ ಪದವೂ 'ಲ್'ಗೆ ಒಗ್ಗಬೇಕು. ಇವು ಕಟ್ಟುವವನ ಕಷ್ಟಗಳು. ಕಷ್ಟ ಇದೆ ಅನ್ನುವುದಕ್ಕೂ ಆಗುವುದಿಲ್ಲ ಅನ್ನುವುದಕ್ಕೂ ವ್ಯತ್ಯಾಸ ಇದೆ. ಕನ್ನಡದಲ್ಲಿ ಪದಬಂಧ ಕಟ್ಟುವುದನ್ನೇ ದಶಕಗಳ ಕಾಯಕ ಮಾಡಿಕೊಂಡು, ಹತ್ತಾರು ಸಾವಿರ ಪದಬಂಧ ರಚಿಸಿ, ಲಿಮ್ಕಾ ದಾಖಲೆ ಪುಸ್ತಕದಲ್ಲಿ ಹೆಸರು ಬರೆಸಿದ ಅ.ನಾ. ಪ್ರಹ್ಲಾದರಾವ್ ಅವರಂಥವರು ಇರುವ ಭಾಷೆ ಇದು. ಚೌಕಳಿಗೆ ಬಡತನ ಇಲ್ಲ. ಬಡತನ ಇರುವುದು ಸುಳಿವಿಗೆ, ಅದಕ್ಕಿಂತ ಹೆಚ್ಚಾಗಿ ವಿವರಣೆಗೆ.

ಎರಡನೆಯ ಆಕ್ಷೇಪಣೆ: ಇದು ಇಂಗ್ಲಿಷರ ಶೋಕಿ. ಚೌಕಳಿ ಹೊರಗಿನದು, ಒಪ್ಪಿದೆ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬಾತ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಮೊದಲು ಅಚ್ಚು ಹಾಕಿಸಿದ. ಗೂಢ ಸುಳಿವಿನ ಚಟ ಹತ್ತಿಸಿದವರು ಇಂಗ್ಲೆಂಡಿನವರು. ನಮ್ಮ ದೇಶದಲ್ಲಿ 'ದಿ ಹಿಂದೂ' ಪತ್ರಿಕೆ 1971ರಿಂದ ಅದನ್ನು ನಡೆಸಿಕೊಂಡು ಬಂದಿದೆ. ಅಲ್ಲಿ ಸುಳಿವು ಕಟ್ಟಿದವರಲ್ಲಿ ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾಗಿದ್ದ ಆರ್.ಡಿ. ಕಟಾರಿಯವರೂ ಒಬ್ಬರು. ಇದೆಲ್ಲ ಸರಿ. ಆದರೆ ಮಾತಿನೊಳಗೆ ಮಾತು ಮುಚ್ಚಿಡುವುದನ್ನು ನಮಗೆ ಯಾರೂ ಹಡಗಿನಲ್ಲಿ ತಂದು ಕೊಡಲಿಲ್ಲ. ನಮ್ಮ ಕಡೆ ಮದುವೆಯಲ್ಲಿ ಹೊಸ ಮದುಮಗಳು ಗಂಡನ ಹೆಸರನ್ನು ಒಡಪು ಕಟ್ಟಿ ಹೇಳುತ್ತಾಳೆ. ಹೆಸರು ಮಾತಿನ ಮಡಿಕೆಯಲ್ಲಿ ಇರುತ್ತದೆ. ಅಲ್ಲಮನ ಬೆಡಗಿನ ವಚನಗಳಿವೆ. ಕನಕದಾಸರ ಮುಂಡಿಗೆಗಳಿವೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಶಬ್ದಾಲಂಕಾರಕ್ಕೆ ಒಂದು ಪರಿಚ್ಛೇದವನ್ನೇ ಕೊಟ್ಟಿದೆ. ಅದೇ ಗ್ರಂಥ ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣ, ಅಂದರೆ ನಮ್ಮ ಕೊಪ್ಪಳವೂ ಒಂದು. ತಿರುಳುಗನ್ನಡದ ಸೀಮೆಯವರಿಗೆ ಶಬ್ದದಾಟ ಶೋಕಿ ಅಂತ ಹೇಳಲು ಬರಬೇಡಿ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಮ್ಮವರು ಒಗಟು ಕಟ್ಟಿ ಸುಮ್ಮನಾಗಲಿಲ್ಲ, ಬಿಡಿಸಿ ಹೇಳುವುದನ್ನೂ ಒಂದು ವಿದ್ಯೆ ಮಾಡಿದರು. ಬೆಡಗಿನ ವಚನಗಳಿಗೆ ಹದಿನೈದನೆಯ ಶತಮಾನದ ಹೊತ್ತಿನಲ್ಲಿ ವೀರಶೈವ ವಿದ್ವಾಂಸರು ಕುಂತು ಟೀಕೆ ಬರೆದರು. ಈಗ ಟೀಕೆ ಅಂದರೆ ಬೈಗುಳ. ಆಗ ಟೀಕೆ ಅಂದರೆ ಗಂಟು ಬಿಚ್ಚಿ ತೋರಿಸುವುದು. ಹರದೇಶಿ–ನಾಗೇಶಿಯ ಸವಾಲ್–ಜವಾಬನ್ನೇ ತಗೊಳ್ಳಿ. ಒಂದು ಮೇಳ ಸವಾಲು ಹಾಕಿದರೆ ಇನ್ನೊಂದು ಮೇಳ ಬರೀ ಒಂದು ಮಾತು ಒಗೆದು ಕುಂತರೆ ಕೂಡಿದ ಮಂದಿ ಬಿಡುತ್ತಾರೇನು? ಹಾಡಿನಲ್ಲೇ ಬಿಡಿಸಿ ಹೇಳಬೇಕು. ಅಂಥ ಮಂದಿಯ ಮೊಮ್ಮಕ್ಕಳಿಗೆ ಈಗ ಪತ್ರಿಕೆ ಮೂರಕ್ಷರ ಕೊಟ್ಟು ಕೈ ತೊಳೆದುಕೊಳ್ಳುತ್ತಿದೆ.

ಮೂರನೆಯ ಆಕ್ಷೇಪಣೆ ಬಲ್ಲವರದ್ದು: ಬಿಡಿಸಿ ಹೇಳಿದರೆ ಮಜಾ ಹೋಗುತ್ತದೆ. ಯಾರ ಮಜಾ? ಬಿಡಿಸಿದವನ ಮಜಾ ನಿನ್ನೆಯೇ ಮುಗಿದಿದೆ, ಅದನ್ನು ಯಾರೂ ಕಸಿದುಕೊಳ್ಳಲಾರರು. ಬಿಡಿಸಲಾಗದವನಿಗೆ ಮಜಾ ಶುರುವಾಗುವುದೇ ವಿವರಣೆಯಿಂದ. 'ಹೌದಲ್ಲಲೇ!' ಅಂತ ಹಣೆ ಬಡಿದುಕೊಳ್ಳುವ ಆ ಗಳಿಗೆಗಾಗಿಯೇ ಗೂಢ ಸುಳಿವು ಇರುವುದು. ಅದನ್ನೂ ಅವನಿಗೆ ಕೊಡದೆ ತಾನೊಬ್ಬನೇ ಬಲ್ಲವನಾಗಿ ಉಳಿಯುವ ಆಸೆ ಇದು, ಇದಕ್ಕೆ ಮಜಾ ಅಂತ ಹೆಸರಿಡಬಾರದು.

ವಿವರಣೆಯಿಂದ ಇನ್ನೊಬ್ಬರಿಗೆ ಬಿಸಿ ಮುಟ್ಟುತ್ತದೆ: ಕಟ್ಟಿದವರಿಗೆ. 'ನದಿಯಲ್ಲಿ ಕಳೆದದ್ದು (2)' ಅಂತ ಸುಳಿವು ಕೊಟ್ಟು, ಮರುದಿನ 'ದಿನ' ಅಂತ ಉತ್ತರ ಹಾಕಿದರೆ ಯಾರೂ ಕೇಳುವುದಿಲ್ಲ, ಏನೋ ಇರಬೇಕು ಅಂದುಕೊಳ್ಳುತ್ತಾರೆ. ವಿವರಣೆ ಬರೆಯಲು ಕುಂತರೆ ಬಣ್ಣ ಬಯಲಾಗುತ್ತದೆ. ತಿರುಗಿಸು ಅನ್ನುವ ಮಾತು ಎಲ್ಲಿ? ದಿನ ಅನ್ನುವುದರ ಅರ್ಥ ಎಲ್ಲಿ? ಎರಡೂ ಇಲ್ಲ. ಕ್ಸಿಮೆನೀಸ್ ಎಂಬ ಹೆಸರಿನಲ್ಲಿ ಸುಳಿವು ಕಟ್ಟುತ್ತಿದ್ದ ಡಿ.ಎಸ್. ಮ್ಯಾಕ್‌ನಟ್ 1966ರಲ್ಲಿ ಈ ಕಲೆಯ ಮೇಲೆ ಒಂದು ಪುಸ್ತಕವನ್ನೇ ಬರೆದ. ಅವನ ನಿಯಮದ ಸಾರ ಇಷ್ಟು: ಸುಳಿವಿನಲ್ಲಿ ಸರಿಯಾದ ಅರ್ಥ ಇರಬೇಕು, ನ್ಯಾಯವಾದ ಅಕ್ಷರದಾಟ ಇರಬೇಕು, ಬೇರೇನೂ ಇರಬಾರದು. ದಾರಿ ತಪ್ಪಿಸಬಹುದು, ಸುಳ್ಳು ಹೇಳಬಾರದು. ಈ ನಿಯಮ ಪಾಲಿಸಿದ್ದಾರೋ ಇಲ್ಲವೋ ಅಂತ ಓದುಗನಿಗೆ ಗೊತ್ತಾಗುವುದು ವಿವರಣೆಯಿಂದ ಮಾತ್ರ.

ಒಂದು ಚೌಕಳಿಗೆ ಇಷ್ಟು ಮಾತು ಯಾಕೆಂದರೆ, ರೋಗ ಚೌಕಳಿಯಲ್ಲಷ್ಟೇ ಇಲ್ಲ. ನಮ್ಮ ಭಾಗದ ಹುಡುಗರು ಹುದ್ದೆಯ ಪರೀಕ್ಷೆಗೆ ಓದಲು ಧಾರವಾಡಕ್ಕೆ ಹೋಗುತ್ತಾರೆ. ಪರೀಕ್ಷೆ ಮುಗಿದ ಸಂಜೆಯೇ ಮೊಬೈಲಿಗೆ 'ಕೀ ಆನ್ಸರ್' ಬರುತ್ತದೆ. ಒಂದನೆಯದಕ್ಕೆ ಬಿ, ಎರಡನೆಯದಕ್ಕೆ ಡಿ. ಯಾಕೆ ಡಿ ಅಂತ ಕೇಳುವವರಿಲ್ಲ, ಹೇಳುವವರೂ ಇಲ್ಲ. ಶಾಲೆಯಲ್ಲಿ ಗೈಡು, ಕಾಲೇಜಿನಲ್ಲಿ ನೋಟ್ಸು, ಆಮೇಲೆ ಕೀ. ಕೇಳುವ ರೂಢಿಯೇ ಸತ್ತುಹೋದ ಮೇಲೆ ಕಚೇರಿಯಲ್ಲಿ ಅರ್ಜಿ ತಿರಸ್ಕಾರವಾದರೂ ಕಾರಣ ಕೇಳದೆ ಎದ್ದು ಬರುತ್ತೇವೆ. 'ಹೆಂಗ ಬಂತು?' ಅನ್ನುವ ಎರಡು ಮಾತನ್ನು ದಿನಕ್ಕೊಮ್ಮೆ, ಚಹಾ ಕುಡಿಯುತ್ತ, ನಗುನಗುತ್ತ ರೂಢಿ ಮಾಡಿಸುವ ಜಾಗ ಪತ್ರಿಕೆಯಲ್ಲಿ ಒಂದೇ ಒಂದಿದೆ. ಅದೂ ಕೀ ಆನ್ಸರ್ ಆಗಿ ಕೂತಿದೆ.

ಸಂಪಾದಕರೇ, ಇಡೀ ಪದಬಂಧ ಬದಲಿಸಿ ಅನ್ನುತ್ತಿಲ್ಲ. 'ಆನೆ (2)' ಇರಲಿ, ಅದರಿಂದ ಹೊತ್ತು ಕಳೆಯುವ ಹಿರಿಯರಿದ್ದಾರೆ. ದಿನಕ್ಕೆ ಎರಡೇ ಎರಡು ಗೂಢ ಸುಳಿವು ಹಾಕಿ. ಮರುದಿನ ಉತ್ತರದ ಕೆಳಗೆ ನಾಲ್ಕು ಸಾಲು ಜಾಗ ಬಿಟ್ಟು ಅದು ಹೆಂಗ ಬಂತು ಅಂತ ಬರೆಯಿರಿ. ಬರೆಯಲಾಗದಂಥ ಸುಳಿವಾದರೆ ಹಾಕಲೇಬೇಡಿ.

ಮೊದಲ ದಿನಕ್ಕೆ ನನ್ನದೊಂದು ಇಟ್ಟುಕೊಳ್ಳಿ: 'ನಮ್ಮ ಭಾಷೆಗೆ ಮೊದಲ ವ್ಯಂಜನ ಸೇರಿದರೆ ಮಬ್ಬುಗಣ್ಣಿಗೂ ಕಾಣುತ್ತದೆ (4)'. ಉತ್ತರ ಕನ್ನಡಕ. ಹೆಂಗ ಬಂತು ಅಂದರೆ, ಭಾಷೆ ಕನ್ನಡ, ಮೊದಲ ವ್ಯಂಜನ ಕ, ಎರಡೂ ಕೂಡಿದರೆ ಮಬ್ಬುಗಣ್ಣಿನವರು ಹಾಕಿಕೊಳ್ಳುವ ಸಾಧನ. ನೋಡಿ, ವಿವರಣೆಗೆ ಎರಡು ಸಾಲೂ ಬೇಕಾಗಲಿಲ್ಲ.